ಹುಳದಣ್ಣ ಎಣಿಸಿದ ಇಪ್ಪತ್ತೆರಡು

ಹುಳದಣ್ಣ ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೊಳೆಯ ಬಗ್ಗೆ ಏನಾದರೂ ಅನುಮಾನ ಬಂದರೆ, ಡಾಕ್ಟರೇಟ್ ಆದವರೂ ಒಮ್ಮೆ ಕೆಮ್ಮಿ, ಆ ಕಡೆ ಈ ಕಡೆ ನೋಡಿ, "ಹುಳದಣ್ಣನ್ನ ಕರೀರಿ" ಅನ್ನುತ್ತಿದ್ದರು. ಹುಳದಣ್ಣ ವಿಭಾಗದ ಅಟೆಂಡರ್. ಗಾಜಿನ ಜಾಡಿ ತೊಳೆಯುವುದು, ಮೈಕ್ರೋಸ್ಕೋಪುಗಳಿಗೆ ಬಟ್ಟೆ ಹೊದಿಸುವುದು, ಗಂಟೆ ಹೊಡೆದ ಮೇಲೂ ಹರಟುತ್ತ ನಿಂತವರನ್ನು ಗದರಿಸಿ ಕಳಿಸುವುದು ಅವರ ನೌಕರಿ. ತಿಂಗಳಿಗೊಮ್ಮೆ ವಿದ್ಯಾರ್ಥಿಗಳನ್ನು ಹೊಳೆಗೆ ಕರೆದುಕೊಂಡು ಹೋಗುವುದು ಅವರ ಬದುಕು.

ನಾನು ಅದೇ ವಿಭಾಗದಲ್ಲಿ ಮೊದಲು ವಿದ್ಯಾರ್ಥಿನಿ, ಈಗ ಅಧ್ಯಾಪಕಿ. ಅವರ ಬಗ್ಗೆ ಬರೆಯಲು ನನಗಿಂತ ಅರ್ಹರು ಯಾರೂ ಇಲ್ಲ, ನನಗಿಂತ ಅನರ್ಹರೂ ಇಲ್ಲ. ಕಾರಣವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓದುವವರನ್ನು ಸತಾಯಿಸುವ ಚಾಳಿ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಅವರು ಒಂದು ದಿನ ಹೊಳೆಯಲ್ಲಿ ಕಂಡದ್ದನ್ನು ನಾನು ಸುಳ್ಳು ಮಾಡಿ ಬರೆದೆ. ಹದಿನಾಲ್ಕು ವರ್ಷ ಅದನ್ನು ಅವರಿಗೆ ಹೇಳಲಿಲ್ಲ.

ಹೊಳೆಯ ಕೆಲಸ ಹೀಗಿರುತ್ತಿತ್ತು. ಚೌಕನೆಯ ಬಾಯಿಯ ಬಲೆಯನ್ನು ನೀರಿನ ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಹಿಡಿಯಬೇಕು. ಅದರ ಮುಂದಿನ ಕಲ್ಲುಗಳನ್ನು ಮೂರು ನಿಮಿಷ ಕಾಲಿನಿಂದ ಕಲಕಬೇಕು. ಕಲ್ಲಿನಡಿ ಅಡಗಿದ್ದ ಹುಳಗಳೆಲ್ಲ ಹರಿದು ಬಂದು ಬಲೆಗೆ ಬೀಳುತ್ತವೆ. ಅವನ್ನು ಬಿಳಿ ಟ್ರೇಗೆ ಸುರಿದು, ಸಣ್ಣ ಕುಂಚದಿಂದ ಒಂದೊಂದನ್ನೇ ಸರಿಸುತ್ತ, ಜಾತಿಜಾತಿ ಬೇರೆ ಮಾಡಿ ಎಣಿಸಬೇಕು. ಎಣಿಸಿದ ಮೇಲೆ ಎಲ್ಲವನ್ನೂ ತಂದ ಜಾಗಕ್ಕೇ ಬಿಡಬೇಕು. ಸೇತುವೆಗಿಂತ ಮೇಲ್ಗಡೆ, ಸೇತುವೆಗಿಂತ ಕೆಳಗಡೆ, ಪಂಪ್‌ಹೌಸಿನ ಹತ್ತಿರ, ಹೀಗೆ ಮೂರು ಕಡೆ.

"ನೀರು ಬಾಯಿ ಬಿಟ್ಟು ಹೇಳಲ್ಲ ಮಕ್ಕಳೇ. ಹುಳ ಹೇಳುತ್ವೆ" ಅನ್ನುತ್ತಿದ್ದರು ಹುಳದಣ್ಣ. ಅವರಿಗೆ ಲ್ಯಾಟಿನ್ ಹೆಸರುಗಳೂ ಗೊತ್ತಿದ್ದವು, ಆದರೆ ಅವನ್ನು ಅಧಿಕಾರಿಗಳು ಬಂದಾಗ ಮಾತ್ರ ಹೊರತೆಗೆಯುತ್ತಿದ್ದರು. ಉಳಿದ ದಿನ ಅವರದೇ ನಾಮಕರಣ. ಮರಳಿನ ಹರಳು ಅಂಟಿಸಿಕೊಂಡು ಗೂಡು ಮಾಡಿಕೊಳ್ಳುವವನು ಮೇಸ್ತ್ರಿ. ಕೊಳಕು ನೀರಲ್ಲೂ ಹಾಯಾಗಿರುವ ಕೆಂಪು ಹುಳ ಬಂಡ. ಎರಡು ಬಾಲದವಳು ಎಂಬೊಂದು ಜಾತಿ ನಮ್ಮ ಹೊಳೆ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು, ಪಟ್ಟಿಯಲ್ಲಿ ಅವಳ ಮುಂದೆ ಯಾವಾಗಲೂ ಸೊನ್ನೆ. ಅವರ ಮುದ್ದಿನದು ಮೂರು ಬಾಲದವಳು, ಅಂದರೆ ಮೇಫ್ಲೈ ಮರಿ. ಅಕ್ಕಿಕಾಳಿನ ಅರ್ಧದಷ್ಟು ಉದ್ದ, ಕೂದಲಿನಂಥ ಮೂರು ಬಾಲ. ನೀರಿಗೆ ವಿಷ ಸೇರಿದರೆ ಮೀನಿಗಿಂತ ಮುಂಚೆ ಸಾಯುವುದು ಅದು. "ಇವಳು ಇದ್ದರೆ ಹೊಳೆ ಇದೆ, ಇಲ್ಲದಿದ್ದರೆ ಬರೀ ನೀರು ಹರೀತಾ ಇದೆ ಅಂತ ಲೆಕ್ಕ" ಅನ್ನುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಎಣಿಸುವವರು ಪೆನ್ನು ಮುಟ್ಟಬಾರದು, ಬರೆಯುವವರು ಕುಂಚ ಮುಟ್ಟಬಾರದು. ಎಣಿಸಿದವರು ಸಂಖ್ಯೆಯನ್ನು ಜೋರಾಗಿ ಕೂಗಬೇಕು, ಬರೆಯುವವರು ಅದನ್ನೇ ತಿರುಗಿ ಹೇಳಿ ಬರೆಯಬೇಕು. "ಎಣಿಸೋನ ಕೈಗೆ ಪೆನ್ನು ಕೊಟ್ಟರೆ ಅವನ ಆಸೆ ಬರೆಯುತ್ತೆ. ಬರೆಯೋನು ಹುಳಾನೇ ನೋಡಿರಲ್ಲ, ಅವನಿಗೆಲ್ಲಿಂದ ಬರಬೇಕು ಆಸೆ?" ಅನ್ನುವುದು ಅವರ ವಾದ. ಇಷ್ಟು ತಿಳಿದ ಮನುಷ್ಯನಿಗೆ ಬರೆಯುವವರಿಗೂ ಆಸೆ ಇರಬಹುದು ಎಂಬುದು ಹೊಳೆಯಲಿಲ್ಲ. ಒಳ್ಳೆಯವರ ಹಣೆಬರಹವೇ ಇಷ್ಟು.

ಹೊಳೆಯ ಕೆಲಸ ಮುಗಿದ ಸಂಜೆ ಅವರು ನೇರ ಮನೆಗೆ ಹೋಗುತ್ತಿರಲಿಲ್ಲ. ಪಂಪ್‌ಹೌಸಿನಿಂದ ಎರಡು ಕಿಲೋಮೀಟರ್ ಕೆಳಗೆ, ದಂಡೆಯ ಮನೆಗಳ ಸಾಲಿನಲ್ಲಿ ಅವರ ಅಕ್ಕ ಒಬ್ಬರೇ ಇದ್ದರು. ತಾಯಿ ಇಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನು ಮಾಡಿದಾಕೆ, ಹೊಲಿಗೆ ಕೆಲಸದವರು. ನಮ್ಮ ಹರಿದ ಬಲೆಗಳಿಗೆ ತೇಪೆ ಹಾಕಿಕೊಡುತ್ತಿದ್ದದ್ದೂ ಅವರೇ. ನಾವು ಒಂದೆರಡು ಸಲ ಜೊತೆಗೆ ಹೋಗಿದ್ದೆವು. "ಹುಳ ನೋಡಿ ನೋಡಿ ನಿನ್ನ ಮುಖಾನೂ ಹಾಗೇ ಆಗಿದೆ ಕಣೋ" ಎಂದು ತಮ್ಮನನ್ನು ಕಿಚಾಯಿಸುತ್ತ, ಹಿತ್ತಲಿನ ಬಾವಿಯಿಂದ ಸೇದಿದ ತಣ್ಣನೆಯ ನೀರನ್ನು ನಮಗೆಲ್ಲ ಲೋಟ ತುಂಬ ಕೊಟ್ಟಿದ್ದರು. ಹೊಳೆಯ ಮಗ್ಗುಲಿನ ಬಾವಿ, ಹೊಳೆಯದೇ ಒಸರು.

ನಾನು ಕೊನೆಯ ವರ್ಷದಲ್ಲಿದ್ದಾಗ ಹುಳದಣ್ಣನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಹೆದರಿಕೆ, ಹಾಗಾಗಿ ಯಾರಿಗೂ ಹೇಳದೆ ಟ್ರೇಯನ್ನು ಮೂಗಿನ ಹತ್ತಿರ ತಂದುಕೊಂಡು ಎಣಿಸುತ್ತಿದ್ದರು. ಒಂದು ತಿಂಗಳ ಎಣಿಕೆಯಲ್ಲಿ ಮರದ ಸಿಬಿರನ್ನು ಬಸವನಹುಳ ಎಂದುಬಿಟ್ಟರು. ವಿಭಾಗದ ಮುಖ್ಯಸ್ಥೆ, ನಾವು ದೊಡ್ಡ ಮೇಡಂ ಅನ್ನುತ್ತಿದ್ದವರು, ನಮ್ಮೆಲ್ಲರ ಎದುರೇ ಹೇಳಿದರು: "ಇನ್ನೊಂದು ಸಲ ಹೀಗಾದರೆ ನಿಮ್ಮನ್ನ ಗೇಟಿಗೆ ಹಾಕಿಸ್ತೀನಿ. ಅಲ್ಲಿ ಬರೋರು ಹೋಗೋರನ್ನ ಎಣಿಸಿ." ಹುಳದಣ್ಣ ನಕ್ಕರು. ನಗುತ್ತಲೇ, ಆಗಲೇ ತೊಳೆದಿಟ್ಟಿದ್ದ ಜಾಡಿಯನ್ನು ಮತ್ತೆ ತೊಳೆಯತೊಡಗಿದರು, ನನಗೆ ನೋಡಲಾಗಲಿಲ್ಲ.

ಅದರ ಮುಂದಿನ ತಿಂಗಳು ಪಂಪ್‌ಹೌಸಿನ ಹತ್ತಿರ ಅವರು ಎಣಿಸುತ್ತಿದ್ದರು, ನಾನು ಬರೆಯುತ್ತಿದ್ದೆ. ಜಿನುಗು ಮಳೆ. ಉಳಿದವರು ನೀರಿನ ಬಾಟಲಿಗಳಿಗೆ ಬಿರಡೆ ಹಾಕುತ್ತ ದೂರದಲ್ಲಿದ್ದರು. ಹುಳದಣ್ಣ ಟ್ರೇಯನ್ನು ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಕುಂಚದಿಂದ ಮೂಲೆಮೂಲೆ ಕೆದಕಿದರು. ಕೊನೆಗೆ ಕೂಗಿದರು: "ಮೂರು ಬಾಲದವಳು, ಸೊನ್ನೆ."

"ಸೊನ್ನೆ" ಎಂದು ನಾನು ತಿರುಗಿ ಹೇಳಿದೆ. ಬರೆಯಲಿಲ್ಲ.

ಹಿಂದಿನ ತಿಂಗಳು ಅದೇ ಜಾಗದಲ್ಲಿ ಇಪ್ಪತ್ತನಾಲ್ಕು ಇದ್ದವು. ನಮ್ಮ ರಿಜಿಸ್ಟರಿನ ಇತಿಹಾಸದಲ್ಲೇ ಆ ಸಾಲಿನಲ್ಲಿ ಸೊನ್ನೆ ಬಂದಿರಲಿಲ್ಲ. ಪಾಪ, ಕಣ್ಣು ಪೂರ್ತಿ ಹೋಯಿತು ಎಂದುಕೊಂಡೆ. ದೊಡ್ಡ ಮೇಡಂ ಈ ಸೊನ್ನೆ ನೋಡಿದರೆ ಮನುಷ್ಯನ ಕಥೆ ಮುಗಿಯಿತು. ನಾನು ಎದ್ದು ಎರಡು ಹೆಜ್ಜೆ ಇಟ್ಟು ಆ ಟ್ರೇಯೊಳಗೆ ಒಮ್ಮೆ ಇಣುಕಿದ್ದರೆ ಸಾಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ನಾನು ಪ್ರತ್ಯಕ್ಷವಾಗಿಯೂ ಕಾಣಲಿಲ್ಲ. ಮಳೆ, ಕೆಸರು, ಮರುದಿನ ಪರೀಕ್ಷೆ ಎಂಬ ನೆಪಗಳೆಲ್ಲ ಇವೆ. ನಿಜವೆಂದರೆ ನನಗೆ ಅನುಮಾನವೇ ಬರಲಿಲ್ಲ. ಕರುಣೆ ಬಂದಾಗ ಬುದ್ಧಿಗೆ ರಜೆ. ಬಸ್ಸಿನಲ್ಲಿ ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಆ ಚೌಕದಲ್ಲಿ ಇಪ್ಪತ್ತೆರಡು ಎಂದು ಬರೆದೆ. ಇಪ್ಪತ್ತನಾಲ್ಕೇ ಬರೆದರೆ ನಕಲು ಎಂದು ಗೊತ್ತಾಗುತ್ತದಲ್ಲ, ಅದಕ್ಕೆ ಎರಡು ಕಡಿಮೆ. ಸುಳ್ಳಿಗೂ ಒಂದು ನಾಜೂಕು ಬೇಕು.

ಮಾರನೆಯ ದಿನ ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಹುಳದಣ್ಣ ಕಾರಿಡಾರಿನಲ್ಲಿ ರಿಜಿಸ್ಟರ್ ತೆರೆದುಕೊಂಡು ನಿಂತಿದ್ದರು.

"ಪುಟ್ಟೀ, ನಿನ್ನೆ ಪಂಪ್‌ಹೌಸ್ ಹತ್ರ ಮೂರು ಬಾಲದವಳು ಸೊನ್ನೆ ಅಂದಿದ್ದೆ ಅಲ್ವಾ?"

ನನ್ನ ನಾಲಿಗೆ ನೋಡಿ, ತಡವರಿಸಲೇ ಇಲ್ಲ. "ಇಲ್ಲಣ್ಣ, ಸೊನ್ನೆ ಅಂದದ್ದು ಎರಡು ಬಾಲದವಳಿಗೆ. ಇವಳು ಇಪ್ಪತ್ತೆರಡು. ನೀವೇ ಕೂಗಿದ್ರಲ್ಲ."

ಅವರು ಪುಟವನ್ನು ಮೂಗಿನ ಹತ್ತಿರ ತಂದು ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಹಣೆ ಚಚ್ಚಿಕೊಂಡು, "ಕಣ್ಣಿನ ಜೊತೆ ತಲೇನೂ ಹೋಯ್ತು ನೋಡು" ಎಂದರು. ಬರೆದದ್ದು ಸುಳ್ಳಾಗಬಹುದು ಎಂಬುದು ಅವರ ಮನಸ್ಸಿನಲ್ಲೇ ಇರಲಿಲ್ಲ. ನಾನು ಅವರನ್ನು ಉಳಿಸಿದೆ ಎಂಬ ಹೆಮ್ಮೆಯಲ್ಲಿ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ.

ಒಂದು ವಾರ ಕಳೆದ ಮೇಲೆ ಹೊಳೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೊಳವೆ ಮೊದಲು ತೊಟ್ಟು ತೊಟ್ಟಾಗಿ ಸೋರಿ, ಆಮೇಲೆ ಒಮ್ಮೆಲೇ ಒಡೆದಿತ್ತು. ಅಷ್ಟರಲ್ಲಿ ದಂಡೆಯ ಮನೆಗಳಲ್ಲಿ ವಾಂತಿ, ಮೈಯುರಿ ಶುರುವಾಗಿ ಹದಿನೇಳು ಜನ ಆಸ್ಪತ್ರೆ ಸೇರಿದ್ದರು. ಇಬ್ಬರು ಉಳಿಯಲಿಲ್ಲ. ಅವರಲ್ಲಿ ಒಬ್ಬರು ಹುಳದಣ್ಣನ ಅಕ್ಕ.

ತನಿಖೆಗೆ ಬಂದ ಅಧಿಕಾರಿ ನಮ್ಮ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, "ಎಣಿಸಿದ್ದು ಯಾರು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಹುಳದಣ್ಣ ಎದ್ದು ನಿಂತರು. ತಲೆ ಬೋಳಿಸಿದ ಹಾಗೆ ಕೂದಲನ್ನು ಸಣ್ಣದಾಗಿ ಕತ್ತರಿಸಿಕೊಂಡಿದ್ದರು, ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು. "ನಾನೇ ಸಾರ್. ಇಪ್ಪತ್ತೆರಡು ಇದ್ವು" ಎಂದರು. ಹೊಳೆ ಆ ದಿನಾಂಕದವರೆಗೆ ಚೆನ್ನಾಗಿತ್ತು, ಸೋರಿಕೆ ಆಮೇಲಿನದು ಎಂದು ಅಧಿಕಾರಿ ಬರೆದುಕೊಂಡರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೇ ಇದ್ದೆ.

ಆ ಬೀಗ ಹದಿನಾಲ್ಕು ವರ್ಷ ಉಳಿಯಿತು. ಮೊದಲು ಡಿಗ್ರಿ ಕೈಗೆ ಬರಲಿ ಎಂದುಕೊಂಡೆ. ಆಮೇಲೆ ಅದೇ ವಿಭಾಗದಲ್ಲಿ ಕೆಲಸ ಸಿಕ್ಕಿತು, ಕೆಲಸ ಕಾಯಂ ಆಗಲಿ ಎಂದುಕೊಂಡೆ. ಅದೂ ಆಯಿತು. ಆಮೇಲೆ, ಈಗ ಹೇಳಿ ಪಾಪ ಅವರ ಗಾಯ ಯಾಕೆ ಕೆದಕಬೇಕು ಎಂಬ ಹೊಸ ಕರುಣೆ ಹುಟ್ಟಿಕೊಂಡಿತು. ನನ್ನ ಕರುಣೆಯಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ.

ಹುಳದಣ್ಣ ಬದಲಾದರು. ಕಣ್ಣಿನ ಆಪರೇಷನ್ ಮಾಡಿಸಿಕೊಂಡರು, ಹೆದರಿಕೆ ಎಲ್ಲಿ ಹೋಯಿತೋ. ದೂರದ ಬಸ್ಸಿನ ಬೋರ್ಡನ್ನು ನನಗಿಂತ ಮುಂಚೆ ಓದುವಷ್ಟು ಚೆನ್ನಾಗಿ ಕಾಣತೊಡಗಿತು. ಆದರೆ ಕುಂಚವನ್ನು ಮತ್ತೆ ಮುಟ್ಟಲಿಲ್ಲ. ಬಲೆ ಹಿಡಿಯುತ್ತಿದ್ದರು, ಕಲ್ಲು ಕಲಕುತ್ತಿದ್ದರು, ಟ್ರೇಗೆ ಸುರಿದು ದೂರ ಹೋಗಿ ಬೆನ್ನು ಹಾಕಿ ನಿಲ್ಲುತ್ತಿದ್ದರು. ಎಲ್ಲ ಮುಗಿದು, ಹುಳಗಳನ್ನು ನೀರಿಗೆ ಬಿಟ್ಟಾದ ಮೇಲೆ, ಖಾಲಿ ಟ್ರೇಯನ್ನು ತೊಳೆಯುವ ನೆಪದಲ್ಲಿ ಎತ್ತಿಕೊಂಡು ಅದರೊಳಗೆ ನೋಡುತ್ತ ಕೂರುತ್ತಿದ್ದರು. ಎಷ್ಟು ಹೊತ್ತೆಂದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಒಮ್ಮೆ ನಾನೇ ಹತ್ತಿರ ಹೋಗಿ, "ಏನಣ್ಣ ನೋಡ್ತಾ ಇದ್ದೀರಿ?" ಎಂದೆ.

"ಅವು ಇಪ್ಪತ್ತೆರಡು ಮೇಡಮ್ಮ" ಎಂದರು. ನಾನು ಅಧ್ಯಾಪಕಿಯಾದ ಮೇಲೆ ಪುಟ್ಟಿ ಹೋಗಿ ಮೇಡಮ್ಮ ಆಗಿದ್ದೆ. "ಒಂದೊಂದೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದಕ್ಕೆ ಮಧ್ಯದ ಬಾಲ ಮುರಿದಿತ್ತು. ಒಂದು ಟ್ರೇ ಅಂಚು ಹತ್ತಿ ಹತ್ತಿ ಜಾರ್ತಾ ಇತ್ತು. ಮನೇಲಿ ತಟ್ಟೆ ಮುಂದೆ ಕೂತರೂ ಅವೇ ಬರುತ್ವೆ. ಮೊದಲು ಅವು ನೆನಪೇ ಇರಲಿಲ್ಲ, ಬರ್ತಾ ಬರ್ತಾ ಎಲ್ಲಾ ನೆನಪಾಯ್ತು. ಹುಳ ಅಲ್ಲ ಅವು. ನೀರಲ್ಲಿ ವಿಷ ಇದ್ದಾಗ ಹುಳ ಎಲ್ಲಿಂದ ಬರಬೇಕು? ಎಲೆ ನಾರು, ಕಸ. ಈ ಕುರುಡುಗಣ್ಣಿನಲ್ಲಿ ಕಸಾನ ಎಣಿಸಿ, ಹೊಳೆ ಚೆನ್ನಾಗಿದೆ ಅಂತ ಕೂಗಿಬಿಟ್ಟೆ."

ದೆವ್ವ ಎಂದರೆ ಸತ್ತವರೇ ಆಗಬೇಕು ಎಂದು ಯಾರು ಹೇಳಿದರೋ, ಎಂದೂ ಹುಟ್ಟದೆ ಇದ್ದವೂ ಮನುಷ್ಯನನ್ನು ಹಿಡಿಯುತ್ತವೆ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಹುಟ್ಟಿದ ಆ ಇಪ್ಪತ್ತೆರಡು ಅವರ ಊಟದ ತಟ್ಟೆಯವರೆಗೆ ಹೋಗಿದ್ದವು. ಅವರು ಹೇಳಿದ ಮೇಲೆ ನನಗೂ ಕಾಣತೊಡಗಿದವು. ಉತ್ತರಪತ್ರಿಕೆ ತಿದ್ದುವಾಗ ಬಿಳಿಯ ಹಾಳೆಯ ಅಂಚಿನಲ್ಲಿ ಸರಕ್ಕನೆ ಏನೋ ಸರಿದ ಹಾಗಾಗುತ್ತಿತ್ತು. ಸಿಂಕಿನಲ್ಲಿ, ಹಾಸಿಗೆಯ ಹೊದಿಕೆಯ ಮೇಲೆ, ಒಮ್ಮೆ ತಂಗಿಯ ಮಗುವಿನ ಬಿಳಿ ಅಂಗಿಯ ಮೇಲೆ. ಒರೆಸಲು ಹೋದರೆ ಇರುತ್ತಿರಲಿಲ್ಲ. ನನಗೆ ಭಯವಾಗುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಹೇಳಲಿಲ್ಲ.

ಹೇಳಲೇಬೇಕಾದ ದಿನ ಬಂದದ್ದು ಅವರ ನಿವೃತ್ತಿಗೆ ಎರಡು ವಾರ ಇದ್ದಾಗ. ಅದು ಅವರ ಕೊನೆಯ ಹೊಳೆ ಭೇಟಿ. ಹೊಸ ತಂಡಕ್ಕೆ ಅವರು ದಂಡೆಯಲ್ಲಿ ಕೂತು ತಮ್ಮ ಕಥೆ ಹೇಳಿದರು. ಪ್ರತಿ ವರ್ಷವೂ ಹೇಳುತ್ತಿದ್ದರು, ನಾನು ಪ್ರತಿ ವರ್ಷವೂ ಬಾಟಲಿ ಜೋಡಿಸುವ ನೆಪದಲ್ಲಿ ಆಚೆ ಹೋಗುತ್ತಿದ್ದೆ. ಈ ಸಲ ಹೋಗಲಾಗಲಿಲ್ಲ.

"ನಿಮ್ಮ ಕಣ್ಣನ್ನ ನಂಬಬೇಡಿ ಮಕ್ಕಳೇ" ಎಂದರು ಹುಳದಣ್ಣ. "ನಾನು ನಂಬಿ ಕೆಟ್ಟೆ."

ಮುಂದೆ ಕೂತಿದ್ದ ಹುಡುಗಿಯೊಬ್ಬಳು, ನನ್ನ ಹಾಗೆ ತಲೆಹರಟೆ, ಬಿಡಲಿಲ್ಲ. "ಅಣ್ಣ, ಕಣ್ಣು ಮಂಜಾದವರಿಗೆ ಇರೋದು ಕಾಣದೇ ಹೋಗಬಹುದು. ಇಲ್ಲದ್ದು ಇಪ್ಪತ್ತೆರಡು ಹೇಗೆ ಕಾಣುತ್ತೆ? ಅಷ್ಟು ವರ್ಷ ಎಣಿಸಿದವರು ನೀವು. ಕಸ ಈಜುತ್ತಾ?"

ಹುಳದಣ್ಣ ಖಾಲಿ ಟ್ರೇಯನ್ನು ತೊಡೆಯ ಮೇಲೆ ಎಳೆದುಕೊಂಡರು. "ಅದೇ ಗೊತ್ತಾಗಿಲ್ಲ ಮಗು. ಅಷ್ಟು ಗೊತ್ತಾಗಿಬಿಟ್ಟಿದ್ದರೆ ನಿದ್ದೆ ಆದರೂ ಬರ್ತಿತ್ತು" ಎಂದರು. ಇನ್ನು ಹದಿನೈದು ದಿನಕ್ಕೆ ಈ ಮನುಷ್ಯ ನನ್ನ ಸುಳ್ಳನ್ನು ತನ್ನ ತಪ್ಪೆಂದು ಹೊತ್ತುಕೊಂಡು ಕಾಲೇಜಿನ ಗೇಟು ದಾಟುತ್ತಾರೆ, ಸಾಯುವವರೆಗೆ ಹೊರುತ್ತಾರೆ. ಇದನ್ನು ನೋಡುತ್ತ ಸುಮ್ಮನಿರಲು ನನ್ನಂಥ ಹೇಡಿಗೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಗೆ ಹೋದೆ. ಮೊದಲ ಮಹಡಿಯಲ್ಲಿ ಎರಡು ಕೋಣೆ. ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿ, ಗೋಡೆಗೆ ಒರಗಿಸಿದ ಮಡಚುವ ಮಂಚ, ಕಿಟಕಿಯಲ್ಲಿ ಒಣಹಾಕಿದ ಅಂಗಿಗಳ ನಡುವಿನಿಂದ ಬಿಸಿಲು. ಅವರ ಹೆಂಡತಿ, ನಾವೆಲ್ಲ ಅತ್ತಿಗೆ ಅನ್ನುತ್ತಿದ್ದವರು, ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು. ಚಹಾ ಬಂತು. ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟೆ, ಇಟ್ಟರೆ ಧೈರ್ಯವೂ ಕೆಳಗಿಳಿಯುತ್ತದೆ ಎಂಬ ಹೆದರಿಕೆಗೆ.

"ಅಣ್ಣ, ಅವತ್ತು ನೀವು ಸೊನ್ನೆ ಅಂದಿದ್ರಿ. ಇಪ್ಪತ್ತೆರಡು ನಾನು ಬರೆದದ್ದು. ನಿಮ್ಮ ಕಣ್ಣು ಹೋಗಿದೆ, ಗೇಟಿಗೆ ಹಾಕ್ತಾರೆ ಅಂತ ಬರೆದೆ. ಮಾರನೇ ದಿನ ನೀವು ಕೇಳಿದಾಗ ಸುಳ್ಳು ಹೇಳಿದೆ. ಟ್ರೇಲಿ ಒಂದೂ ಇರಲಿಲ್ಲ."

ಬೈಯಲಿ, ಕೈ ಎತ್ತಲಿ ಎಂದು ಕಾದೆ.

"ಒಂದೂ ಇರಲಿಲ್ವಾ?"

"ಇಲ್ಲಣ್ಣ."

"ಬಾಲ ಮುರಿದದ್ದು?"

"ಇರಲಿಲ್ಲ."

ಅವರ ಮುಖ ಅರಳುತ್ತ ಬಂತು. ನಾನು ಆ ಮುಖವನ್ನು ಹದಿನಾಲ್ಕು ವರ್ಷದಿಂದ ನೋಡಿರಲಿಲ್ಲ. ಎದ್ದೇ ಬಿಟ್ಟರು. "ಕೇಳಿದ್ಯೇನೇ? ನನ್ನ ಕಣ್ಣು ಸರಿಯಾಗೇ ಇತ್ತಂತೆ! ಪೊರೆ ಬಂದಿದ್ದರೂ ಸರಿಯಾಗೇ ನೋಡಿದ್ದೆ ಕಣೇ! ಸೊನ್ನೆ ಅಂತಲೇ ಅಂದಿದ್ದೆ! ನಾನು ಅಂದುಕೊಂಡಿದ್ದೇ ಸರಿ!" ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದರು, ನನ್ನ ಭುಜ ತಟ್ಟಿದರು, ನಕ್ಕರು, ಕಣ್ಣೊರೆಸಿಕೊಂಡರು. ನಾನೂ ಮೂರ್ಖಳ ಹಾಗೆ ನಗಲು ಶುರುಮಾಡಿದೆ. ಹದಿನಾಲ್ಕು ವರ್ಷದ ಕಲ್ಲು ಎದೆಯಿಂದ ಇಳಿಯಿತು ಎನ್ನಿಸಿತು.

ಅತ್ತಿಗೆ ನಗಲಿಲ್ಲ. ಅವರ ಕೈಯಲ್ಲಿದ್ದ ಟವೆಲು ಅರ್ಧ ಮಡಚಿದ್ದು ಹಾಗೇ ನಿಂತಿತ್ತು. ಗಂಡನ ಮುಖವನ್ನೇ ನೋಡುತ್ತಿದ್ದರು, ಓಡುವ ಮಗು ಎಲ್ಲಿ ಎಡವುತ್ತದೋ ಎಂದು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಯಾಕಮ್ಮಾ ಹೇಳಿದೆ ಈಗ?" ಎಂದು ಕೇಳಿ, ಎದ್ದು ಒಳಗೆ ಹೋದರು.

ಹುಳದಣ್ಣ ಕಿಟಕಿಯ ಹತ್ತಿರ ನಿಂತರು. ನಗು ಒಮ್ಮೆಗೇ ಹೋಗಲಿಲ್ಲ, ನಿಧಾನವಾಗಿ ಹೋಯಿತು. ಬಂದು ಮಂಚದ ಅಂಚಿನಲ್ಲಿ ಕೂತರು.

"ಪುಟ್ಟೀ" ಎಂದರು. ಹಳೆಯ ಹೆಸರಿಂದ ಕರೆದದ್ದು ಅವರಿಗೆ ಗೊತ್ತಾಗಲಿಲ್ಲ ಅನ್ನಿಸುತ್ತದೆ. "ಅವತ್ತು ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಮೂರು ಬಾಲದವಳು ಒಂದೂ ಸಿಗಲಿಲ್ಲ ಕಣಕ್ಕ, ಅಂದೆ. ಅವಳು ಬುದ್ಧಿವಂತೆ, ಹಾಗಾದ್ರೆ ಬಾವಿ ನೀರು ಕುಡೀಲೋ ಬೇಡವೋ ಅಂತ ಕೇಳಿದಳು. ಬೇಡ, ಬೆಳಿಗ್ಗೆ ಕಾಲೇಜಿಗೆ ಹೋಗಿ ದೊಡ್ಡ ಮೇಡಂಗೆ ರಿಜಿಸ್ಟರ್ ತೋರಿಸಿ ಬಂದು ಹೇಳ್ತೀನಿ, ಅಲ್ಲೀವರೆಗೆ ಮುಟ್ಟಬೇಡ, ಅಂದೆ."

ಇದನ್ನು ಅವರು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಯಾವ ತನಿಖೆಯಲ್ಲೂ ಇದು ಬಂದಿರಲಿಲ್ಲ.

"ರಿಜಿಸ್ಟರ್‌ನಲ್ಲಿ ಇಪ್ಪತ್ತೆರಡು ಇತ್ತು. ನಿನ್ನನ್ನ ಕೇಳಿದೆ. ಮೇಡಂ ಹತ್ರ ಹೋಗಲೇ ಇಲ್ಲ, ರಜೆ ಬರೆದಿಟ್ಟು ಬಿಸಿಲಲ್ಲೇ ಅಕ್ಕನ ಮನೆಗೆ ನಡೆದುಕೊಂಡು ಹೋದೆ. ಬಿಂದಿಗೆ ಬೋರಲು ಹಾಕಿತ್ತು. ನಾನು ಮುಟ್ಟಬೇಡ ಅಂದಿದ್ನಲ್ಲ, ರಾತ್ರಿಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ ಅವಳು. ತುಟಿ ಒಣಗಿ ಹೋಗಿತ್ತು."

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ನನ್ನ ಮೇಲೆ ಸಿಟ್ಟು ಅವರ ದನಿಯಲ್ಲಿ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಏನೂ ಇಲ್ಲ ಅಕ್ಕ, ಇಪ್ಪತ್ತೆರಡು ಇವೆ, ಕುಡಿ ಅಂತ ನಾನೇ ಸೇದಿ ಕೊಟ್ಟೆ" ಎಂದರು. "ನಿಂತ ಹಾಗೇ ಎರಡು ಚೊಂಬು ಕುಡಿದಳು."